ಹಲಗಲಿಯ ಲಾವಣಿ: ಊರು ಸುಟ್ಟರೂ ಉಳಿದ ಹಾಡು



ಲಕ್ಷ್ಮೀ ನಗರದಿಂದ ಸೀತಾಬರ್ಡಿಗೆ ನೀವು ಎಷ್ಟು ಸಲ ಹೋಗಿಬಂದಿಲ್ಲ! ಬಟ್ಟೆಬರೆ, ಪಾತ್ರೆಪಗಡ ಕೊಳ್ಳಲು ಹೋದಾಗ ಅಲ್ಲಿನ ಗುಡ್ಡದ ಕಡೆ ಒಮ್ಮೆಯಾದರೂ ಕಣ್ಣು ಹಾಯಿಸಿರುತ್ತೀರಿ. 1817ರ ನವೆಂಬರ್ 26 ಮತ್ತು 27ರಂದು ಅಲ್ಲಿ ನಾಗಪುರದ ಅಪ್ಪಾಸಾಹೇಬ ಭೋಸಲೆಯ ಸೈನ್ಯಕ್ಕೂ ಈಸ್ಟ್ ಇಂಡಿಯಾ ಕಂಪನಿಯ ಪಡೆಗೂ ಕಾಳಗ ನಡೆಯಿತು. ಗೆದ್ದದ್ದು ಕಂಪನಿ. 1854ರಲ್ಲಿ ನಾಗಪುರ ಸಂಸ್ಥಾನವೇ ಅದರ ಕೈಸೇರಿತು. ಆ ಕಾಳಗದ ಗುರುತಾಗಿ ಗುಡ್ಡದ ಮೇಲೆ ಕೋಟೆ ನಿಂತಿದೆ.

ಸೀತಾಬರ್ಡಿಯ ಕದನಕ್ಕೆ ಸರಿಯಾಗಿ ನಲವತ್ತು ವರ್ಷ ತುಂಬಿದಾಗ, ಅದೇ ನವೆಂಬರ್ ತಿಂಗಳ ಕೊನೆಯಲ್ಲಿ, ನಮ್ಮ ಕನ್ನಡ ನಾಡಿನ ಒಂದು ಸಣ್ಣ ಹಳ್ಳಿಯೂ ಕಂಪನಿಯ ಎದುರು ನಿಂತಿತು. ಅಲ್ಲಿ ಕೋಟೆಯೂ ಇರಲಿಲ್ಲ, ರಾಜನೂ ಇರಲಿಲ್ಲ. ಆ ಕಾಳಗದಿಂದ ನಮಗೆ ಉಳಿದು ಬಂದದ್ದು ಒಂದು ಹಾಡು.

ಆ ಹಳ್ಳಿ ಹಲಗಲಿ. ಈಗಿನ ಬಾಗಲಕೋಟೆ ಜಿಲ್ಲೆಯ ಮುಧೋಳದ ಹತ್ತಿರ ಇದೆ. ಆಗ ಅದು ಘೋರ್ಪಡೆ ಮನೆತನದ ಮುಧೋಳ ಸಂಸ್ಥಾನಕ್ಕೆ ಸೇರಿತ್ತು. 1857ರಲ್ಲಿ ಉತ್ತರ ಭಾರತದಲ್ಲಿ ದಂಗೆ ಎದ್ದಿತು. ಹೆದರಿದ ಕಂಪನಿ ಸರ್ಕಾರ, ಜನರ ಹತ್ತಿರವಿದ್ದ ಆಯುಧಗಳನ್ನೆಲ್ಲ ಕಸಿದುಕೊಳ್ಳಲು ಹುಕುಂ ಹೊರಡಿಸಿತು. ಹಲಗಲಿಯ ಬೇಡರಿಗೆ ಆಯುಧವೆಂದರೆ ಗೋಡೆಗೆ ತೂಗುಹಾಕುವ ಅಲಂಕಾರವಲ್ಲ. ಅದು ಬೇಟೆ, ಅದೇ ಅನ್ನ, ಅದೇ ಮಾನ. ಅವರು ಕೊಡುವುದಿಲ್ಲ ಎಂದರು.

ಕಂಪನಿಯ ಕುದುರೆ ಪಡೆ ಬಂದು ಹಳ್ಳಿಯನ್ನು ಮುತ್ತಿತು. ಬೇಡರು ಮನೆಗಳೊಳಗಿಂದಲೇ ಹೋರಾಡಿದರು. ಊರಿಗೆ ಬೆಂಕಿ ಬಿತ್ತು. ಅನೇಕರು ಸತ್ತರು, ಅನೇಕರು ಸೆರೆಸಿಕ್ಕರು. ಡಿಸೆಂಬರ್ 11ರಂದು ಮುಧೋಳದಲ್ಲಿ 13 ಜನರನ್ನು, 14ರಂದು ಹಲಗಲಿಯಲ್ಲೇ 6 ಜನರನ್ನು ಗಲ್ಲಿಗೇರಿಸಿದರು. ನೋಡಿದವರು ಮತ್ತೆ ತಲೆ ಎತ್ತಬಾರದು ಎಂಬುದೇ ಇದರ ಉದ್ದೇಶ.

ಆದರೆ ನೋಡಿದವರು, ಕೇಳಿದವರು ಸುಮ್ಮನಿರಲಿಲ್ಲ. ಲಾವಣಿ ಕಟ್ಟಿದರು.

ಇಲ್ಲಿ ಒಂದು ಮಾತು. ನಿಮ್ಮ ಮರಾಠಿ ನೆರೆಹೊರೆಯವರಿಗೆ ಲಾವಣಿ ಎಂದರೆ ಮೊದಲು ನೆನಪಾಗುವುದು ಢೋಲಕಿ, ಗೆಜ್ಜೆ, ಶೃಂಗಾರ. ವೀರರ ಕಥೆ ಹಾಡುವುದಕ್ಕೆ ಅವರಲ್ಲಿ ಪೋವಾಡ ಇದೆ. ನಮ್ಮ ಉತ್ತರ ಕರ್ನಾಟಕದಲ್ಲಿ ಹಾಗಲ್ಲ. ಅಲ್ಲಿ ಶೃಂಗಾರಕ್ಕೂ ಲಾವಣಿ, ಯುದ್ಧಕ್ಕೂ ಲಾವಣಿ. ಹೆಸರು ಒಂದೇ ಆದರೂ ಗಡಿ ದಾಟಿದರೆ ಅರ್ಥ ಹಿಗ್ಗುತ್ತದೆ.

ಹಲಗಲಿಯ ಲಾವಣಿಯಲ್ಲಿ ಹನುಮ, ಬಾಲ, ಜಡಗ, ರಾಮ ಎಂಬ ನಾಲ್ವರು ಮುಂದಾಳುಗಳ ಹೆಸರು ಬರುತ್ತದೆ. ವಿಲಾಯತಿಯಿಂದ ಹುಕುಂ ಬಂದದ್ದು, ಕಾರಕೂನನಿಗೆ ಏಟು ಬಿದ್ದದ್ದು, ಗುಂಡು ಹಾರಿದ್ದು, ಎಲ್ಲವೂ ಕಣ್ಣಿಗೆ ಕಟ್ಟುವಂತೆ ಬರುತ್ತವೆ. ಆದರೆ ನಿಜವಾಗಿ ಎದೆಗೆ ತಾಗುವುದು ಲೂಟಿಯ ಭಾಗ. ಸೈನಿಕರು ಒಯ್ದದ್ದೇನು? ಲಾವಣಿಕಾರ ಒಂದೊಂದಾಗಿ ಲೆಕ್ಕ ಕೊಡುತ್ತಾನೆ. ಕೊಡಲಿ ಹೋಯಿತು, ಹಾಲು ಮೊಸರು ಹೋಯಿತು, ಉಪ್ಪು, ಎಣ್ಣೆ, ಅರಿಶಿನ, ಜೀರಿಗೆ, ಬೆಲ್ಲ ಹೋದವು. ಉಣ್ಣುವ ಗಂಗಾಳ ಹೋಯಿತು. ಕೊನೆಗೆ ಹೆಣ್ಣುಮಕ್ಕಳ ಮಂಗಳಸೂತ್ರವನ್ನೂ ಬೀಸುವ ಕಲ್ಲನ್ನೂ ಬಿಡಲಿಲ್ಲ.

ಸ್ವಲ್ಪ ಯೋಚಿಸಿ. ಬೀಸುವ ಕಲ್ಲಿನಿಂದ ಸರ್ಕಾರಕ್ಕೆ ಯಾವ ಅಪಾಯ? ಆಯುಧ ಹುಡುಕಿಕೊಂಡು ಬಂದವರು ಅಡುಗೆ ಮನೆಯನ್ನೇ ಬರಿದು ಮಾಡಿ ಹೋದರು ಎಂದು ಲಾವಣಿಕಾರ ಬಾಯಿಬಿಟ್ಟು ದೂರುವುದಿಲ್ಲ. ಪಟ್ಟಿಯನ್ನು ಮುಂದಿಡುತ್ತಾನೆ ಅಷ್ಟೆ. ತೀರ್ಪು ಕೇಳುಗರದು. ದಾಖಲೆಗಳಿಂದ ನಮಗೆ ತಾರೀಖು ಸಿಗುತ್ತದೆ, ಗಲ್ಲಿಗೇರಿದವರ ಸಂಖ್ಯೆ ಸಿಗುತ್ತದೆ. ಅವು ಬೇಕು. ಆದರೆ ಮರುದಿನ ಬೆಳಿಗ್ಗೆ ಆ ಊರಿನಲ್ಲಿ ರೊಟ್ಟಿಗೆ ಹಿಟ್ಟು ಬೀಸಲು ಕಲ್ಲೂ ಇರಲಿಲ್ಲ ಎಂಬುದನ್ನು ತಿಳಿಯಲು ಹಾಡನ್ನೇ ಕೇಳಬೇಕು.

ಇನ್ನೊಂದು ವಿಚಿತ್ರವನ್ನೂ ಗಮನಿಸಿ. ಈ ಹಾಡನ್ನು ಮೊದಲು ಸಂಗ್ರಹಿಸಿ ಅಚ್ಚು ಹಾಕಿಸಿದವನು ಬ್ರಿಟಿಷ್ ಸರ್ಕಾರದ ಒಬ್ಬ ಅಧಿಕಾರಿ! ಜಾನ್ ಫೇತ್‌ಫುಲ್ ಫ್ಲೀಟ್ 1867ರಲ್ಲಿ ಮುಂಬಯಿ ಪ್ರಾಂತದ ಸೇವೆಗೆ ಬಂದವನು. ನಮ್ಮ ಶಾಸನಗಳನ್ನು ಓದಿ ಹೆಸರಾದವನು. ಸಂಗೊಳ್ಳಿ ರಾಯಣ್ಣನ ಲಾವಣಿ, ವರಮಾನ ತೆರಿಗೆಯ ಲಾವಣಿ, ಹಲಗಲಿಯ ಲಾವಣಿ ಇವನ್ನೆಲ್ಲ 1880ರ ದಶಕದಲ್ಲಿ ‘ಇಂಡಿಯನ್ ಆಂಟಿಕ್ವರಿ’ ಪತ್ರಿಕೆಯಲ್ಲಿ ಇಂಗ್ಲಿಷ್ ಅನುವಾದದೊಂದಿಗೆ ಪ್ರಕಟಿಸಿದ. ಕಂಪನಿಯ ಸೈನ್ಯ ಊರನ್ನು ಸುಟ್ಟಿತು; ಕಂಪನಿಯ ಜಾಗಕ್ಕೆ ಬಂದ ಸರ್ಕಾರದ ಅಧಿಕಾರಿ ಆ ಊರಿನ ಹಾಡನ್ನು ಉಳಿಸಿದ. ಆತನ ಉಪಕಾರವನ್ನು ಒಪ್ಪೋಣ. ಆದರೆ ಸುಮಾರು ಮೂರು ದಶಕಗಳ ಕಾಲ ಅದನ್ನು ನಾಲಿಗೆಯ ಮೇಲೆ ಕಾಪಾಡಿ ಅವನ ಕೈಗೆ ಮುಟ್ಟಿಸಿದವರು ಹಳ್ಳಿಯ ಹಾಡುಗಾರರು ಎಂಬುದನ್ನು ಮರೆಯಬಾರದು. ಮುಂದೆ ಇದೇ ಲಾವಣಿ ಕರ್ನಾಟಕದ ಶಾಲಾ ಪಠ್ಯಪುಸ್ತಕಕ್ಕೂ ಬಂತು.

ಊರು ಬಿಟ್ಟು ದೂರ ಬಂದು ನೆಲೆಸಿದ ನಮ್ಮಂಥವರಿಗೆ ಈ ಕಥೆಯಲ್ಲಿ ಒಂದು ಪಾಠವಿದೆ. ಹೊಲ, ಮನೆ, ಅಂಗಳ ಇವನ್ನು ಹೊತ್ತು ತರಲು ಆಗುವುದಿಲ್ಲ. ಹಾಡನ್ನು ತರಬಹುದು. ಆದರೆ ಹಾಡುವವರು ಹಾಡದಿದ್ದರೆ, ಕೇಳುವವರು ಕೇಳದಿದ್ದರೆ, ಅದು ಒಂದೇ ತಲೆಮಾರಿಗೆ ಮುಗಿದುಹೋಗುತ್ತದೆ. ಯಾವ ಸೈನ್ಯವೂ ಬರಬೇಕಾಗಿಲ್ಲ.

ನಿಮ್ಮ ಮನೆಯಲ್ಲಿ ವಿಜಾಪುರ, ಬಾಗಲಕೋಟೆ, ಬೆಳಗಾವಿ, ಧಾರವಾಡದ ಕಡೆಯ ಅಜ್ಜ ಅಜ್ಜಿ ಇದ್ದರೆ, ಲಾವಣಿಯ ನಾಲ್ಕು ನುಡಿ ನೆನಪಿದೆಯೇ ಎಂದು ಕೇಳಿ. ಮಕ್ಕಳನ್ನು ಹತ್ತಿರ ಕೂಡಿಸಿಕೊಂಡು ಹಾಡಿಸಿ. ಮುಂದಿನ ಸಲ ಸೀತಾಬರ್ಡಿಗೆ ಹೋದಾಗ ಗುಡ್ಡ ತೋರಿಸಿ 1817ರ ಕಥೆ ಹೇಳಿ. ಜೊತೆಗೆ, ಕೋಟೆಯೇ ಇಲ್ಲದ ಹಲಗಲಿಯ ಕಥೆಯನ್ನೂ ಹೇಳಿ.