ನಮ್ಮ ಸೀಮೆಯಲ್ಲಿ ಇಂಗ್ಲಿಷ್ ಪಾಠ

“ಮಕ್ಕಳನ್ನು ಕನ್ನಡ ಶಾಲೆಗೆ ಕಳುಹಿಸಿದರೆ ಅವರಿಗೆ ಇಂಗ್ಲಿಷ್ ಬರುವುದೆಂತು?” ಆದವಾನಿ, ಆಲೂರು, ರಾಯದುರ್ಗ, ಮಡಕಶಿರಾ ಪ್ರಾಂತಗಳ ಕನ್ನಡ ಮನೆಗಳಲ್ಲಿ ಈ ಪ್ರಶ್ನೆಯನ್ನು ನಾವು ಪದೇ ಪದೇ ಕೇಳುತ್ತಿದ್ದೇವೆ. ತಾಯ್ತಂದೆಯರ ಈ ಆತಂಕವನ್ನು ಹಗುರವಾಗಿ ಕಾಣುವಂತಿಲ್ಲ. ಆದರೆ ಉತ್ತರವನ್ನು ಅರಸುವ ಮುನ್ನ ಇಂಗ್ಲಿಷ್ ಪಾಠವೆಂಬುದು ನಮ್ಮ ಸೀಮೆಯಲ್ಲಿ ಹೇಗೆ ನಡೆದು ಬಂದಿತೆಂಬುದನ್ನು ಸ್ವಲ್ಪ ವಿಚಾರಿಸುವುದು ಲೇಸು.

1800ರಲ್ಲಿ ನಿಜಾಮನು ಕಂಪನಿ ಸರಕಾರಕ್ಕೆ ಬಿಟ್ಟುಕೊಟ್ಟ ದತ್ತಮಂಡಲದಲ್ಲಿ ನಮ್ಮ ಊರುಗಳೆಲ್ಲ ಸೇರಿದ್ದವು. 1882ರಲ್ಲಿ ಅನಂತಪುರವು ಬೇರೆ ಜಿಲ್ಲೆಯಾಗುವವರೆಗೆ ಇವೆಲ್ಲಕ್ಕೂ ಬಳ್ಳಾರಿಯೇ ಜಿಲ್ಲೆ. ಮದರಾಸಿನ ಗವರ್ನರನಾಗಿದ್ದ ಥಾಮಸ್ ಮನ್ರೋ 1822ರಲ್ಲಿ ಪ್ರತಿಯೊಂದು ಜಿಲ್ಲೆಯ ಶಾಲೆಗಳ ಲೆಕ್ಕವನ್ನು ಕೇಳಿದಾಗ, ಬಳ್ಳಾರಿಯ ಕಲೆಕ್ಟರ್ ಕ್ಯಾಂಪ್‌ಬೆಲ್ 1823ರ ಆಗಸ್ಟಿನಲ್ಲಿ ಒಂದು ದೀರ್ಘ ವರದಿಯನ್ನು ಕಳುಹಿಸಿದನು. ಅದರಂತೆ ಜಿಲ್ಲೆಯಲ್ಲಿದ್ದ ಶಾಲೆಗಳು 533, ವಿದ್ಯಾರ್ಥಿಗಳು 6,641. ಶಾಲೆಗಳಲ್ಲಿ ಕನ್ನಡದವು 235, ತೆಲುಗಿನವು 226. ಉಳಿದವು ಸಂಸ್ಕೃತ, ಮರಾಠಿ, ಪಾರಸಿ, ತಮಿಳಿನವು. ಇಂಗ್ಲಿಷ್ ಶಾಲೆ ಒಂದೇ ಒಂದು.

ಅಂದಿನ ಐಗಳ ಮಠದ ಚಿತ್ರವನ್ನು ಕ್ಯಾಂಪ್‌ಬೆಲ್ ಆದರದಿಂದಲೇ ಬರೆದಿದ್ದಾನೆ. ಐದನೆಯ ವರ್ಷದಲ್ಲಿ ಗಣೇಶನ ಮುಂದೆ ಮಗುವನ್ನು ಕೂರಿಸಿ, ಅಕ್ಕಿಯ ಮೇಲೆ ಬೆರಳು ಹಿಡಿದು ಅಕ್ಷರ ಬರೆಯಿಸುತ್ತಿದ್ದರು. ಮುಂಜಾನೆ ಮೊದಲು ಬಂದ ಹುಡುಗನ ಅಂಗೈಯ ಮೇಲೆ ಸರಸ್ವತಿಯ ಹೆಸರು. ಎರಡನೆಯವನಿಗೆ ಒಂದು ಸೊನ್ನೆ. ಮೂರನೆಯವನಿಗೆ ಮೆಲ್ಲನೆಯ ಒಂದು ಏಟು, ನಾಲ್ಕನೆಯವನಿಗೆ ಎರಡು! ದೊಡ್ಡ ಹುಡುಗರು ಚಿಕ್ಕವರಿಗೆ ಕಲಿಸುವರು, ಐಗಳು ಎಲ್ಲರ ಮೇಲೆ ಕಣ್ಣಿಟ್ಟಿರುವರು. ಇದೇ ಬಗೆಯ ಏರ್ಪಾಟನ್ನು ಆಂಡ್ರೂ ಬೆಲ್ ಎಂಬ ಪಾದ್ರಿಯು ಮದರಾಸಿನ ಅನಾಥಾಲಯದಲ್ಲಿ ಪ್ರಯೋಗಿಸಿ, 1797ರಲ್ಲಿ ಪುಸ್ತಕವಾಗಿ ಪ್ರಕಟಿಸಿದನು. ಇಂಗ್ಲೆಂಡಿನ ಬಡ ಮಕ್ಕಳು ಕೆಲವು ಕಾಲ ‘ಮದರಾಸು ಪದ್ಧತಿ’ಯಲ್ಲಿ ಓದು ಕಲಿತರೆಂಬುದು ನಮ್ಮವರಿಗೆ ನೆನಪಿಲ್ಲ.

ಆದರೆ ಅದೇ ವರದಿಯಲ್ಲಿ ಒಂದು ಕಟುವಾದ ಮಾತೂ ಇದೆ. ಮಕ್ಕಳು ಓದುತ್ತಿದ್ದ ಪದ್ಯಗಳ ಭಾಷೆ ಬೇರೆ, ಆಡುಮಾತು ಬೇರೆ; ಉಚ್ಚಾರಣೆ ಸ್ಪಷ್ಟ, ಬಾಯಿಪಾಠ ಗಟ್ಟಿ, ಅರ್ಥ ಮಾತ್ರ ಶೂನ್ಯ ಎಂದು ಕ್ಯಾಂಪ್‌ಬೆಲ್ ಖೇದಪಟ್ಟನು. ಪರಕೀಯ ಅಧಿಕಾರಿಯ ಮಾತೆಂದು ಇದನ್ನು ತಳ್ಳಿಹಾಕಲಾಗದು. ಏಕೆಂದರೆ ಮುಂದೆ ಇಂಗ್ಲಿಷ್ ಬಂದಾಗ ಈ ದೋಷವು ತೊಲಗಲಿಲ್ಲ. ಹಳಗನ್ನಡ ಪದ್ಯದಿಂದ ಇಂಗ್ಲಿಷ್ ಪುಟಕ್ಕೆ ಸ್ಥಳಾಂತರವಾಯಿತು, ಅಷ್ಟೆ.

1835ರ ಮೆಕಾಲೆಯ ಟಿಪ್ಪಣಿ ಸರ್ವವಿದಿತ. 1854ರ ವುಡ್ ಮಹಾಶಯನ ಆಜ್ಞಾಪತ್ರವು ಜನಸಾಮಾನ್ಯರಿಗೆ ದೇಶಭಾಷೆಯೇ ಮಾಧ್ಯಮವಾಗಬೇಕೆಂದು ಹೇಳಿದ್ದಿತೆಂಬುದು ಅಷ್ಟು ವಿದಿತವಲ್ಲ. 1857ರಲ್ಲಿ ಮದರಾಸು ವಿಶ್ವವಿದ್ಯಾನಿಲಯವು ಹುಟ್ಟಿದ ಮೇಲೆ ಮೆಟ್ರಿಕ್ಯುಲೇಷನ್ ಪರೀಕ್ಷೆಯೇ ಶಾಲೆಯ ಯಜಮಾನನಾಯಿತು. ಪಾಠಕ್ರಮ ಹೀಗಿತ್ತು: ಒಂದು ವಾಕ್ಯವನ್ನು ಓದುವುದು, ಪದಪದಕ್ಕೂ ಅರ್ಥ ಬರೆಯಿಸುವುದು, ವ್ಯಾಕರಣ ಬಿಡಿಸುವುದು, ಭಾಷಾಂತರಿಸುವುದು. ಈ ಕ್ರಮವನ್ನು ಇಂದು ಎಲ್ಲರೂ ಹಳಿಯುತ್ತಾರೆ. ಆದರೂ ಇದರಲ್ಲಿ ಒಂದು ಗುಣವಿತ್ತು. ಬಾಲಕನ ಭಾಷೆಯು ತರಗತಿಯ ಹೊರಗೆ ನಿಲ್ಲಬೇಕಾಗಿರಲಿಲ್ಲ. ಬಳ್ಳಾರಿಯ ಲಂಡನ್ ಮಿಷನ್ನಿಗೆ ಸೇರಿದ ವಿಲಿಯಂ ರೀವ್ 1832ರಲ್ಲಿಯೇ ದೊಡ್ಡ ಕನ್ನಡ–ಇಂಗ್ಲಿಷ್ ನಿಘಂಟನ್ನು ಹೊರತಂದಿದ್ದನು.

ತರುವಾಯ ತರಬೇತಿ ಶಾಲೆಗಳಿಗೆ ಜರ್ಮನಿಯ ಹರ್ಬಾರ್ಟನ ಅನುಯಾಯಿಗಳು ರೂಪಿಸಿದ ಪಂಚ ಸೋಪಾನಗಳು ಬಂದವು: ಸಿದ್ಧತೆ, ನಿರೂಪಣೆ, ಹೋಲಿಕೆ, ಸಾಮಾನ್ಯೀಕರಣ, ಪ್ರಯೋಗ. ಉಪಾಧ್ಯಾಯರು ಬರೆಯುವ ಪಾಠ ಟಿಪ್ಪಣಿಯ ಮೂಲವಿದು. ಮೊದಲ ಸೋಪಾನದ ತಾತ್ಪರ್ಯವೇನು? ಹೊಸದನ್ನು ಹೇಳುವ ಮುನ್ನ ಮಗುವಿಗೆ ಈಗಾಗಲೇ ತಿಳಿದಿರುವುದನ್ನು ಎಚ್ಚರಿಸಬೇಕೆಂಬುದು. ತನಿಖಾಧಿಕಾರಿಗಾಗಿ ಟಿಪ್ಪಣಿ ಬರೆಯುವ ಪದ್ಧತಿ ಬೆಳೆದಂತೆಲ್ಲ ಈ ತಾತ್ಪರ್ಯವು ಮರೆತು, ಐದು ಶೀರ್ಷಿಕೆಗಳು ಮಾತ್ರ ಉಳಿದವು.

ಇಪ್ಪತ್ತನೆಯ ಶತಮಾನದ ಆದಿಯಲ್ಲಿ ನೇರ ಬೋಧನೆಯ ಗಾಳಿ ಬೀಸಿತು. ದೇಶಭಾಷೆಯ ಮಾತೆತ್ತದೆ, ವಸ್ತುವನ್ನು ತೋರಿಸಿ, ಅಭಿನಯಿಸಿ ಇಂಗ್ಲಿಷಿನಲ್ಲಿಯೇ ಕಲಿಸಬೇಕೆಂಬ ಪಂಥವಿದು. ಇದನ್ನು ಕುರಿತು ಪುಸ್ತಕ ಬರೆದ ರೆನ್ ಮಹಾಶಯನೇ ಮುಂದೆ ಮಾರ್ಟಿನ್ನನ ಜೊತೆಗೂಡಿ, ನಮ್ಮ ಹಿರಿಯರು ಉರುಹಾಕಿದ ವ್ಯಾಕರಣವನ್ನು ಬರೆದದ್ದು ವಿಧಿವಿಲಾಸವೆನ್ನಬೇಕು. ಐವತ್ತು ಮಕ್ಕಳ ತರಗತಿಯಲ್ಲಿ, ಸ್ವತಃ ಇಂಗ್ಲಿಷ್ ಮಾತಾಡುವ ರೂಢಿಯಿಲ್ಲದ ಉಪಾಧ್ಯಾಯನಿಂದ ಇಡೀ ಪಾಠವನ್ನು ಅಭಿನಯಿಸಿ ತೋರಿಸುವುದು ಸಾಗದ ಮಾತು.

ಈ ಕಷ್ಟವನ್ನು ಸರಿಯಾಗಿ ಕಂಡವನು ಢಾಕಾದಲ್ಲಿ ಉಪಾಧ್ಯಾಯರಿಗೆ ತರಬೇತಿ ಕೊಡುತ್ತಿದ್ದ ಮೈಕೇಲ್ ವೆಸ್ಟ್. ವಂಗದೇಶದ ದ್ವಿಭಾಷಾ ಸ್ಥಿತಿಯನ್ನು ಕುರಿತು 1926ರಲ್ಲಿ ಆತನು ಪ್ರಕಟಿಸಿದ ಗ್ರಂಥದ ವಿಚಾರ ನಮಗೆ ಇಂದಿಗೂ ಗ್ರಾಹ್ಯ. ಅನೇಕ ಮಕ್ಕಳು ಅರ್ಧಕ್ಕೇ ಶಾಲೆ ಬಿಡುತ್ತಾರೆ. ಜೀವವಿಮೆಯ ಕಂತುಗಳನ್ನು ನಡುವೆ ನಿಲ್ಲಿಸಿದವನಿಗೂ ಒಂದಿಷ್ಟು ಹಣ ಹಿಂದಿರುಗುವಂತೆ, ಯಾವ ವರ್ಷ ಬಿಟ್ಟರೂ ಬಾಲಕನ ಕೈಯಲ್ಲಿ ಉಪಯೋಗಕ್ಕೆ ಬರುವಷ್ಟು ಇಂಗ್ಲಿಷ್ ಉಳಿದಿರಬೇಕು. ಆದುದರಿಂದ ಮೊದಲು ಓದನ್ನು ಕಲಿಸಿರಿ, ಹೊಸ ಶಬ್ದಗಳನ್ನು ಒಂದೇ ಪುಟದಲ್ಲಿ ರಾಶಿ ಹಾಕದೆ ವಿರಳವಾಗಿ ಬಿತ್ತಿರಿ ಎಂದನು. ಹತ್ತಿ ಬಿಡಿಸುವ ಕಾಲಕ್ಕೆ ಶಾಲೆ ತಪ್ಪಿಸುವ ಮಕ್ಕಳಿರುವ ನಮ್ಮ ಸೀಮೆಗೆ ಈ ಲೆಕ್ಕಾಚಾರವು ಚೆನ್ನಾಗಿ ಅರ್ಥವಾಗತಕ್ಕದ್ದು.

ಮದರಾಸು ಸರಕಾರವು ವಾಕ್ಯರಚನೆಗಳನ್ನು ಸುಲಭದಿಂದ ಕಠಿಣಕ್ಕೆ ಜೋಡಿಸಿದ ಹೊಸ ಪಠ್ಯಕ್ರಮವನ್ನು 1952ರಲ್ಲಿ ತಂದಿತು. ಮರುವರ್ಷ, 1953ರ ಅಕ್ಟೋಬರ್ 1ರಂದು, ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಬಳ್ಳಾರಿಯಿಂದ ಅಗಲಿ ಆಂಧ್ರಕ್ಕೆ ಸೇರಿದವು. 1958ರಲ್ಲಿ ಹೈದರಾಬಾದಿನಲ್ಲಿ ಕೇಂದ್ರೀಯ ಇಂಗ್ಲಿಷ್ ಸಂಸ್ಥೆಯೂ 1963ರಲ್ಲಿ ಬೆಂಗಳೂರಿನಲ್ಲಿ ಪ್ರಾದೇಶಿಕ ಸಂಸ್ಥೆಯೂ ಸ್ಥಾಪನೆಗೊಂಡವು. ಎರಡು ವಿದ್ಯಾಕೇಂದ್ರಗಳ ನಡುವೆ ಸಿಕ್ಕಿದ್ದ ನಮ್ಮ ಕನ್ನಡ ಉಪಾಧ್ಯಾಯನು, ಅಂದು ಒಂದರ ಆಡಳಿತಕ್ಕೂ ಮತ್ತೊಂದರ ಭಾಷೆಗೂ ಸೇರಿದವನಾಗಿದ್ದನು.

ದಕ್ಷಿಣ ಭಾರತದ ಸಾಮಾನ್ಯ ಶಾಲೆಗಳಲ್ಲಿ 1979ರಿಂದ 1984ರವರೆಗೆ ಎನ್. ಎಸ್. ಪ್ರಭು ಅವರು ನಡೆಯಿಸಿದ ಪ್ರಯೋಗವು ‘ಬೆಂಗಳೂರು ಯೋಜನೆ’ಯೆಂದು ಪ್ರಸಿದ್ಧವಾಯಿತು. ವಾಕ್ಯರಚನೆಯ ಪಟ್ಟಿಯನ್ನು ಬದಿಗಿರಿಸಿ, ನಕಾಶೆ, ರೈಲಿನ ವೇಳಾಪಟ್ಟಿ ಮೊದಲಾದವುಗಳಿಂದ ಚಿಕ್ಕ ಸಮಸ್ಯೆಗಳನ್ನು ಅವರು ಒಡ್ಡಿದರು. ಮೊದಲು ಉಪಾಧ್ಯಾಯನು ಎಲ್ಲರ ಮುಂದೆ ಒಂದನ್ನು ಬಿಡಿಸುವನು. ಅಂಥದೇ ಇನ್ನೊಂದನ್ನು ಮಕ್ಕಳು ತಾವಾಗಿ ಬಿಡಿಸುವರು. ಅರ್ಧದಷ್ಟು ಮಕ್ಕಳಾದರೂ ಅರ್ಧದಷ್ಟನ್ನಾದರೂ ಸರಿಯಾಗಿ ಮಾಡಿದರೆ ಪಾಠದ ಭಾರವು ಹದವಾಗಿದೆಯೆಂದು ತಿಳಿಯುವುದು. ಅಂಗೈಯ ಮೇಲಿನ ಏಟಿಗಿಂತ ಇದು ಉತ್ತಮವಾದ ಅಳತೆ!

ಈ ಪದ್ಧತಿಗಳಲ್ಲಿ ಎಲ್ಲದಕ್ಕೂ ಮೇಲಾದುದು ಯಾವುದೆಂಬ ವಾದವನ್ನು ನಾವು ಹೂಡುವುದಿಲ್ಲ. ನಮ್ಮ ಮಕ್ಕಳು ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ತೆಲುಗು, ನೆರೆಯವರೊಡನೆ ಉರ್ದು ಆಡುವವರು. ಈ ಮೂರರಲ್ಲಿಯೂ ಕ್ರಿಯಾಪದವು ವಾಕ್ಯದ ತುದಿಗೆ ಬರುತ್ತದೆ. ‘ಮೇಜಿನ ಮೇಲೆ’ ಎಂಬಲ್ಲಿ ‘ಮೇಲೆ’ಯು ಮೇಜಿನ ಹಿಂದೆ ನಿಲ್ಲುತ್ತದೆ. ಇಂಗ್ಲಿಷೊಂದೇ ‘ಆನ್ ದ ಟೇಬಲ್’ ಎಂದು ತಿರುಗಿಸುತ್ತದೆ. ‘ನನಗೆ ಇಬ್ಬರು ತಮ್ಮಂದಿರಿದ್ದಾರೆ’ ಎನ್ನುವ ಬಾಲಕಿಗೆ ‘ಐ ಹ್ಯಾವ್’ ಎಂಬುದು ವಿಚಿತ್ರವಾಗಿ ಕೇಳುವುದು ಸಹಜ. ಅವಳು ಎಡವುವ ಸ್ಥಳವು ಎಲ್ಲಿದೆಯೆಂದು ಹಿಂದಿನ ರಾತ್ರಿಯೇ ಊಹಿಸಬಲ್ಲವನು ಕನ್ನಡ ಬಲ್ಲ ಉಪಾಧ್ಯಾಯನು. ಒಂದು ನಿಮಿಷ ಕನ್ನಡದಲ್ಲಿ ವ್ಯತ್ಯಾಸವನ್ನು ತಿಳಿಸಿ, ಉಳಿದ ವೇಳೆಯನ್ನೆಲ್ಲ ಮಕ್ಕಳ ಬಾಯಲ್ಲಿ ಇಂಗ್ಲಿಷ್ ಆಡಿಸುವುದಕ್ಕೆ ಅವನು ವಿನಿಯೋಗಿಸಬಹುದು.

2019ರ ನವೆಂಬರಿನಲ್ಲಿ ಆಂಧ್ರ ಸರಕಾರವು ಸರಕಾರಿ ಶಾಲೆಗಳನ್ನು ಇಂಗ್ಲಿಷ್ ಮಾಧ್ಯಮಕ್ಕೆ ತಿರುಗಿಸಲು ಆಜ್ಞೆ ಹೊರಡಿಸಿತು. 2020ರ ಏಪ್ರಿಲಿನಲ್ಲಿ ಉಚ್ಚ ನ್ಯಾಯಾಲಯವು ಅದನ್ನು ರದ್ದುಪಡಿಸಿತು. ಸರಕಾರವು ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿತು. ಗಣಿತವನ್ನೂ ಚರಿತ್ರೆಯನ್ನೂ ತಿಳಿಯದ ಭಾಷೆಯಲ್ಲಿ ಒಪ್ಪಿಸುವ ಮಗುವು ಕ್ಯಾಂಪ್‌ಬೆಲ್ ಕಂಡ ಮಗುವೇ ಅಲ್ಲವೆ? ಆಜ್ಞೆಗಳು ಬರಲಿ ಹೋಗಲಿ, ನಮ್ಮ ಕನ್ನಡ ಶಾಲೆಗಳ ಇಂಗ್ಲಿಷ್ ಗಂಟೆಯು ಗಟ್ಟಿಯಾಗದಿದ್ದರೆ ಪೋಷಕರು ನಿಲ್ಲಲಾರರು.

ಅದಕ್ಕೆ ದೊಡ್ಡ ಸಲಕರಣೆಯೇನೂ ಬೇಡ. ಗುಂತಕಲ್, ಆದವಾನಿ, ಕೋಸಿಗಿ, ಮಂತ್ರಾಲಯಂ ರೋಡ್, ರಾಯಚೂರು ಎಂದು ಹಲಗೆಯ ಮೇಲೆ ಬರೆದು ರೈಲಿನ ವೇಳೆಗಳನ್ನು ತುಂಬಬಹುದು. ಎಷ್ಟು ಗಂಟೆಗೆ ಹೊರಡುತ್ತದೆ, ಎಲ್ಲಿ ಎಷ್ಟು ಹೊತ್ತು ನಿಲ್ಲುತ್ತದೆ, ಮಧ್ಯಾಹ್ನದೊಳಗೆ ರಾಯಚೂರು ಸೇರಬೇಕಾದವನು ಯಾವುದನ್ನು ಹತ್ತಬೇಕು ಎಂದು ಇಂಗ್ಲಿಷಿನಲ್ಲಿ ಕೇಳಬಹುದು. ಅರ್ಧದಷ್ಟು ಮಕ್ಕಳು ಅರ್ಧದಷ್ಟು ಪ್ರಶ್ನೆಗಳಿಗೆ ಸರಿಯುತ್ತರ ಬರೆದರೆಂದರೆ, ಮರುದಿನ ಗುಂತಕಲ್ಲಿನಿಂದ ಬಳ್ಳಾರಿಗೆ ಹೋಗುವ ರೈಲುಗಳನ್ನು ತೆಗೆದುಕೊಳ್ಳಬಹುದು.