ಒಂದು ವರ್ಷ ಆದ ಮೇಲೆ ಹೇಗಿದ್ದೀರಿ?

ಭುಜದ ಆಪರೇಷನ್ನಿನ ಚರಿತ್ರೆ ಓದಲು ಕೂತರೆ ಬಾಸ್ಟನ್ನಿನ ಡಾ. ಅರ್ನೆಸ್ಟ್ ಕಾಡ್ಮನ್ ಎಂಬ ಹಟಮಾರಿ ಎದುರಾಗದೇ ಇರೋದಿಲ್ಲ. ತೋಳು ಎತ್ತುವ ಸ್ನಾಯುವನ್ನು ಮೂಳೆಗೆ ಕಟ್ಟಿಹಾಕುವ ಗಟ್ಟಿ ಪಟ್ಟಿ ಇದೆಯಲ್ಲ, ಟೆಂಡನ್, ಅದು ಹರಿದಾಗ ಮತ್ತೆ ಹೊಲಿದು ಕೂರಿಸುವ ಆಪರೇಷನ್ನನ್ನು ಈತ 1909ರಲ್ಲಿ ಮಾಡಿ, 1911ರಲ್ಲಿ ಅದರ ಬಗ್ಗೆ ಬರೆದ.

ನನಗೆ ಆತ ಇಷ್ಟವಾಗೋದು ಬೇರೆ ಕಾರಣಕ್ಕೆ. ಪ್ರತಿ ರೋಗಿಗೂ ಒಂದು ಚೀಟಿ ಇಡಬೇಕು, ಒಂದು ವರ್ಷ ಬಿಟ್ಟು ಮತ್ತೆ ನೋಡಬೇಕು, ಗುಣವಾಗಿಲ್ಲದಿದ್ದರೆ ಯಾಕೆ ಅಂತ ಬರೆದಿಡಬೇಕು ಅನ್ನೋದು ಅವನ ಪಟ್ಟು. 1911ರಿಂದ 1916ರವರೆಗೆ ತನ್ನ ಪುಟ್ಟ ಆಸ್ಪತ್ರೆಗೆ ಬಂದ 337 ರೋಗಿಗಳ ಲೆಕ್ಕದ ಜೊತೆ 123 ತಪ್ಪುಗಳನ್ನೂ ಅಚ್ಚು ಹಾಕಿಸಿದ! 1915ರ ಒಂದು ಸಭೆಯಲ್ಲಿ ಊರಿನ ವೈದ್ಯರನ್ನೇ ಗೇಲಿ ಮಾಡುವ ವ್ಯಂಗ್ಯಚಿತ್ರ ತೋರಿಸಿ ಎಲ್ಲರ ಕೋಪಕ್ಕೂ ಗುರಿಯಾದ. 1940ರಲ್ಲಿ ತೀರಿಕೊಂಡವನ ಸಮಾಧಿಗೆ ಕಲ್ಲು ಬಂದದ್ದು 2014ರಲ್ಲಿ.

ಅವನ ಪ್ರಶ್ನೆಗೆ ಮಾತ್ರ ವಯಸ್ಸಾಗಿಲ್ಲ. ದೊಡ್ಡ ಹರಿತಗಳನ್ನು ಹೊಲಿಸಿಕೊಂಡಿದ್ದ 18 ಜನರನ್ನು ಅಮೆರಿಕದ ಸೇಂಟ್ ಲೂಯಿಸ್‌ನ ವೈದ್ಯರು ಕನಿಷ್ಠ ಒಂದು ವರ್ಷ ಬಿಟ್ಟು ಅಲ್ಟ್ರಾಸೌಂಡ್‌ನಲ್ಲಿ ನೋಡಿದರು. 17 ಜನರದ್ದು ಮತ್ತೆ ಹರಿದಿತ್ತು. ಇದು 2004ರ ವರದಿ. ಟೆಂಡನ್ ಮೂಳೆಗೆ ಸೇರುವ ಜಾಗದಲ್ಲಿ ಸಹಜವಾಗಿ ಇರುವ ಮೃದ್ವಸ್ಥಿಯ ಪದರಗಳು ಹೊಲಿದ ಮೇಲೆ ಮೊದಲಿನಂತೆ ಬೆಳೆಯೋದಿಲ್ಲ. ಅಲ್ಲಿ ಬರೀ ಗಾಯದ ಕಲೆಯಂಥ ಅಂಗಾಂಶ ತುಂಬಿಕೊಳ್ಳುತ್ತೆ.

ಜೀವಕೋಶ ಚಿಕಿತ್ಸೆಯ ಆಸೆ ಹುಟ್ಟಿದ್ದು ಇಲ್ಲೇ. ಫ್ರಾನ್ಸಿನ ಫಿಲಿಪ್ ಎರ್ನಿಗೂ ತಂಡ 45 ಜನರಿಗೆ ಆಪರೇಷನ್ ಜೊತೆಗೆ ಅವರದೇ ಅಸ್ಥಿಮಜ್ಜೆಯಿಂದ ಸಾಂದ್ರಗೊಳಿಸಿದ ಕೋಶಗಳನ್ನು ಕೊಟ್ಟು, ಕೊಡದ 45 ಜನರೊಂದಿಗೆ ಹೋಲಿಸಿತು. ಆರು ತಿಂಗಳಿಗೆ ಮೊದಲ ಗುಂಪಿನ ಎಲ್ಲರದ್ದೂ ಕೂಡಿತ್ತು, ಎರಡನೆಯದರಲ್ಲಿ 30 ಜನರದ್ದು. ಹತ್ತು ವರ್ಷಕ್ಕೆ ಉಳಿದದ್ದು 39 ಮತ್ತು 20. ಕಾಡ್ಮನ್ ಕುಣಿದಾಡುತ್ತಿದ್ದನೇನೋ! ಆದರೆ 2014ರಲ್ಲಿ ಪ್ರಕಟವಾದ ಈ ಅಧ್ಯಯನದಲ್ಲಿ ಯಾರಿಗೆ ಕೋಶ, ಯಾರಿಗೆ ಬೇಡ ಅಂತ ಚೀಟಿ ಎತ್ತಿ ಹಂಚಿರಲಿಲ್ಲ. ಹಾಗೆ ಹಂಚದಿದ್ದರೆ ಗುಣ ಕೋಶದ್ದೋ, ರೋಗಿಗಳ ನಡುವಿನ ವ್ಯತ್ಯಾಸದ್ದೋ ಅಂತ ಖಚಿತವಾಗಿ ಹೇಳೋಕಾಗಲ್ಲ.

ಇನ್ನೊಂದು ಸ್ವಾರಸ್ಯ. ಈ ಕೋಶಗಳಿಗೆ 1991ರಲ್ಲಿ 'ಮೆಸೆಂಕೈಮಲ್ ಸ್ಟೆಮ್ ಸೆಲ್' ಅಂತ ಹೆಸರಿಟ್ಟ ಅರ್ನಾಲ್ಡ್ ಕ್ಯಾಪ್ಲನ್, 2017ರಲ್ಲಿ ತಾನೇ ಆ ಹೆಸರು ಬದಲಾಗಲಿ ಅಂದ. ಅವು ಹೊಸ ಅಂಗಾಂಶವಾಗಿ ಬೆಳೆಯುವುದಕ್ಕಿಂತ ಸುತ್ತಲಿನ ಕೋಶಗಳಿಗೆ ಸಂಕೇತ ಕಳಿಸುತ್ತವೆ, ಹೆಸರು ಜನರ ದಾರಿ ತಪ್ಪಿಸುತ್ತಿದೆ ಅನ್ನೋದು ಅವನ ವಾದ.

ಹಾಗಾಗಿ ಸ್ಟೆಮ್ ಸೆಲ್ ಜಾಹೀರಾತು ಕಂಡಾಗ ನಾನು ಹುಡುಕೋದು ಬೆಲೆಯನ್ನಲ್ಲ, ಕಾಡ್ಮನ್ನನ ಚೀಟಿಯನ್ನ. ಒಂದು ವರ್ಷದ ಲೆಕ್ಕ ತೋರಿಸದವರಿಗೆ ಭುಜ ಕೊಡೋದು ಹೇಗೆ?