ಹಡಗಿನ ಗಡಿಯಾರ

ಗ್ರೀನಿಚ್ಚಿನ ಕಾಲಮಾನದಲ್ಲಿ ಹಗಲು ಹನ್ನೆರಡು ಗಂಟೆಯಾದಾಗ ನಿಮ್ಮ ಮನೆಯ ಗಡಿಯಾರ ಸಂಜೆ ಐದೂವರೆ ತೋರಿಸುತ್ತದೆ. ಈ ಐದೂವರೆ ಗಂಟೆ ಎಲ್ಲಿಂದ ಬಂತೆಂದು ಯೋಚಿಸಿದ್ದೀರಾ? ಭೂಮಿ 24 ಗಂಟೆಗಳಲ್ಲಿ 360 ಅಂಶ ತಿರುಗುತ್ತದೆ. ಎಂದರೆ ಒಂದು ಅಂಶಕ್ಕೆ 4 ನಿಮಿಷ. ಭಾರತದ ಕಾಲಮಾನಕ್ಕೆ ಆಧಾರವಾದ ರೇಖೆ ಗ್ರೀನಿಚ್ಚಿಗೆ ಪೂರ್ವದಲ್ಲಿ 82½ ಅಂಶದ ಮೇಲಿದೆ. ನಾಲ್ಕರಿಂದ ಗುಣಿಸಿ ನೋಡಿ, 330 ನಿಮಿಷ ಬರುತ್ತದೆ. ನಮ್ಮ ಜ್ಯೋತಿಷಿಗಳೂ ಉಜ್ಜಯಿನಿಯ ರೇಖೆಯನ್ನು ಮೊದಲಾಗಿಟ್ಟುಕೊಂಡು ಹೀಗೆಯೇ ದೇಶಾಂತರ ಸಂಸ್ಕಾರ ಮಾಡುತ್ತಿದ್ದರು.

ನೆಲದ ಮೇಲೆ ನಿಂತವರಿಗೆ ಇದು ಬರಿಯ ಲೆಕ್ಕ. ನಡುಗಡಲಿನಲ್ಲಿದ್ದವರಿಗೆ ಪ್ರಾಣದ ಪ್ರಶ್ನೆ. ಧ್ರುವ ನಕ್ಷತ್ರದ ಎತ್ತರವನ್ನಳೆದು ನಾವಿಕನು ಅಕ್ಷಾಂಶವನ್ನು ತಿಳಿಯಬಲ್ಲ. ರೇಖಾಂಶ ಬೇಕಾದರೆ, ತನ್ನ ನೆತ್ತಿಯ ಮೇಲೆ ಸೂರ್ಯ ಬಂದ ಕ್ಷಣದಲ್ಲಿ ಊರಿನ ಬಂದರಿನಲ್ಲಿ ಗಂಟೆಯೆಷ್ಟು ಎಂಬುದೂ ತಿಳಿಯಬೇಕು. ಆದರೆ ಲೋಲಕದ ಗಡಿಯಾರ ಹಡಗಿನ ಓಲಾಟಕ್ಕೆ ದಾರಿ ತಪ್ಪುತ್ತಿತ್ತು. ಸೆಕೆಗೆ ಲೋಹ ಹಿಗ್ಗುತ್ತಿತ್ತು, ಚಳಿಗೆ ಎಣ್ಣೆ ಮಂದವಾಗುತ್ತಿತ್ತು. ನಾಲ್ಕೇ ನಿಮಿಷ ತಪ್ಪಿದರೂ ಭೂಮಧ್ಯರೇಖೆಯ ಬಳಿ 111 ಕಿಲೋಮೀಟರು ತಪ್ಪಿದಂತೆ.

1707ರಲ್ಲಿ ಇಂಗ್ಲೆಂಡಿನ ನಾಲ್ಕು ಯುದ್ಧನೌಕೆಗಳು ತಾವಿರುವ ಸ್ಥಳವನ್ನು ತಪ್ಪಾಗಿ ತಿಳಿದು ಸಿಲಿ ದ್ವೀಪಗಳ ಬಂಡೆಗಳಿಗೆ ಬಡಿದು ಮುಳುಗಿದುವು. ಸಾವಿರಕ್ಕೂ ಮಿಕ್ಕಿ ಜನ ಸತ್ತರು. 1714ರಲ್ಲಿ ಪಾರ್ಲಿಮೆಂಟು, ಅರ್ಧ ಅಂಶದೊಳಗೆ ರೇಖಾಂಶ ಹೇಳುವ ಉಪಾಯಕ್ಕೆ 20,000 ಪೌಂಡುಗಳ ಬಹುಮಾನವನ್ನು ಸಾರಿತು. ಪಂಡಿತರು ಚಂದ್ರ ನಕ್ಷತ್ರಗಳಲ್ಲಿ ಉತ್ತರ ಹುಡುಕುತ್ತಿರಲು, ಬಡಗಿಯ ಮಗ ಜಾನ್ ಹ್ಯಾರಿಸನ್ ಗಡಿಯಾರವನ್ನೇ ತಿದ್ದಲು ಕುಳಿತ. ಬೇರೆ ಬೇರೆ ಪ್ರಮಾಣದಲ್ಲಿ ಹಿಗ್ಗುವ ಎರಡು ಲೋಹಗಳ ಪಟ್ಟಿಯನ್ನು ಬೆಸೆದು, ಸೆಕೆ ಚಳಿಗಳ ದೋಷವನ್ನು ಅದರಿಂದಲೇ ನಿವಾರಿಸಿದ. ಮೂರು ದೊಡ್ಡ ಯಂತ್ರಗಳನ್ನು ಮಾಡಿ, ತೃಪ್ತನಾಗದೆ, 1759ರಲ್ಲಿ ಅಂಗೈಗಿಂತ ತುಸು ದೊಡ್ಡದಾದ ನಾಲ್ಕನೆಯದನ್ನು ಮುಗಿಸಿದ.

1761ರಲ್ಲಿ ಅವನ ಮಗ ವಿಲಿಯಂ ಅದನ್ನು ಜಮೈಕಾಕ್ಕೆ ಒಯ್ದ. ದಿನದಿನದ ಗತಿಭೇದವನ್ನು ಕಳೆದು ನೋಡಿದರೆ 81 ದಿನಗಳಲ್ಲಿ ತಪ್ಪಿದ್ದು ಸುಮಾರು 5 ಸೆಕೆಂಡು! ಆದರೂ ಮಂಡಲಿಯವರು ಒಪ್ಪಲಿಲ್ಲ. 1764ರಲ್ಲಿ ಬಾರ್ಬಡೋಸಿಗೆ ಮತ್ತೊಂದು ಪರೀಕ್ಷೆ ನಡೆಯಿತು; ಅದರಲ್ಲೂ ಗಡಿಯಾರ ಗೆದ್ದಿತು. ಗಡಿಯಾರವನ್ನು ಬಿಚ್ಚಿ ಗುಟ್ಟನ್ನೆಲ್ಲ ತಿಳಿಸಿದ ಮೇಲೆಯೇ ಬಹುಮಾನದ ಅರ್ಧ ಸಿಕ್ಕಿತು. ಕೊನೆಗೆ ಮೂರನೆಯ ಜಾರ್ಜ್ ದೊರೆ ಅವನ ಪಕ್ಷ ವಹಿಸಿದ ಮೇಲೆ, 1773ರಲ್ಲಿ ಪಾರ್ಲಿಮೆಂಟು 8,750 ಪೌಂಡು ಕೊಟ್ಟಿತು. ಆಗ ಹ್ಯಾರಿಸನ್ನನಿಗೆ ಎಂಬತ್ತು ವರ್ಷ. ಮೂರು ವರ್ಷಗಳ ಅನಂತರ ತೀರಿಕೊಂಡ.

ಆ ನಾಲ್ಕನೆಯ ಗಡಿಯಾರದ ಪ್ರತಿಯೊಂದನ್ನು ಕ್ಯಾಪ್ಟನ್ ಕುಕ್ 1772ರಿಂದ 1775ರವರೆಗಿನ ಯಾತ್ರೆಯಲ್ಲಿ ಒಯ್ದು ಮೆಚ್ಚಿಕೊಂಡ. 1831ರಲ್ಲಿ ಡಾರ್ವಿನ್ನನು ಹೊರಟ ಬೀಗಲ್ ಹಡಗಿನಲ್ಲಿ 22 ಗಡಿಯಾರಗಳಿದ್ದುವು. ಒಂದು ಸುಳ್ಳಾಡಿದರೆ ಉಳಿದುವು ಹಿಡಿದುಕೊಡಬೇಕಷ್ಟೆ! ಇಪ್ಪತ್ತನೆಯ ಶತಮಾನದಲ್ಲಿ ರೇಡಿಯೋ ಕಾಲಸಂಕೇತ ನಡುಗಡಲಿಗೂ ತಲಪಿತು. ಈಗ ದಾರಿ ತೋರುವ ಉಪಗ್ರಹಗಳಲ್ಲಿಯೂ ಪರಮಾಣು ಗಡಿಯಾರಗಳಿವೆ. ಎಲ್ಲಿದ್ದೇವೆಂದು ತಿಳಿಯಲು ಇಂದಿಗೂ ಗಂಟೆಯನ್ನೇ ಕೇಳಬೇಕು. ಮುಂದೊಮ್ಮೆ ರೇಡಿಯೋ ಕೇಳಿ ಗಡಿಯಾರದ ಮುಳ್ಳು ಸರಿಪಡಿಸುವಾಗ, ಆ ಬಡಗಿಯ ಮಗನನ್ನು ನೀವು ನೆನೆಯಬಹುದು.